ತಲೆ ತಗ್ಗಿಸಿ ಆಡಿದ ಆಟ

ಮೊದಲು ನಾನು ಬೈದದ್ದು ಸ್ಕೇಲನ್ನು. ಮನೆಯಲ್ಲೇ ರವಿಕೆ ಹೊಲಿದುಕೊಂಡು ಬಂದ ನನಗೆ ಉಕ್ಕಿನ ಸ್ಕೇಲು ಕೈಯ ಆರನೆಯ ಬೆರಳು. ಒಂದು ಬೆಳಿಗ್ಗೆ ಅದನ್ನು ಬಟ್ಟೆಯ ಮೇಲಿಟ್ಟು ಗೆರೆ ಎಳೆಯಲು ಹೋದರೆ ನಡುವಲ್ಲಿ ಬಾಗಿ ನಿಂತಿದೆ. ಮಗಳು ಪಲ್ಲವಿ ಎಲ್ಲೋ ಕಿಟಕಿಗೆ ಸಿಕ್ಕಿಸಿ ಹಾಳು ಮಾಡಿರಬೇಕು ಎಂದು ಗೊಣಗಿ, ಡೊಂಬಿವಲಿ ಸ್ಟೇಷನ್ನಿನ ಹೊರಗಿನ ಅಂಗಡಿಯಿಂದ ಹೊಸದು ತಂದೆ. ಹೊಸದೂ ಬಾಗಿತ್ತು. ಜಗಳ ಮಾಡಲೆಂದೇ ಅಂಗಡಿಗೆ ವಾಪಸು ಹೋದೆ. ಅಂಗಡಿಯವನು ಅದನ್ನು ಗಾಜಿನ ಮೇಜಿನ ಮೇಲೆ ಮಲಗಿಸಿ, "ಮಾವಶಿ, ಏಕದಮ್ ಸರಳ್ ಆಹೆ" ಎಂದ. ನೆಟ್ಟಗೇ ಇದೆಯಂತೆ! ಇವನಿಗೆ ಸರಿಯಾಗಿ ಕೊಡಬೇಕೆಂದು ತಲೆ ಎತ್ತಿ ನೋಡಿದೆ. ಅವನ ಮೂಗಿದ್ದ ಜಾಗದಲ್ಲಿ ಬರೀ ಹೊಗೆ.

ಸ್ಕೇಲನ್ನು ಎತ್ತಿಕೊಂಡು ಹೊರಬಿದ್ದೆ. ಸ್ಟೇಷನ್ನಿನ ಸೇತುವೆ ಹತ್ತಿ, ಎಡಗಣ್ಣು ಮುಚ್ಚಿಕೊಂಡು ಇಂಡಿಕೇಟರ್ ನೋಡಿದೆ. ಗಾಡಿಯ ಸಮಯದ ಮೊದಲ ಅಂಕೆ ಇತ್ತು, ಕೊನೆಯ ಅಂಕೆ ಇತ್ತು, ನಡುವಿನವು ಇರಲಿಲ್ಲ. ಜನ ನನ್ನನ್ನು ತಳ್ಳಿಕೊಂಡು ಹೋಗುತ್ತಿದ್ದರು. ನಾನು ಕಂಬ ಹಿಡಿದು ನಿಂತೆ. ಅಷ್ಟು ಭಯ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ಯಾಕೆಂದರೆ ನನಗಿದ್ದದ್ದು ಅದೊಂದೇ ಕಣ್ಣು. ಎಡಗಣ್ಣು ಹುಟ್ಟಿದಾಗಿನಿಂದ ಸೋಮಾರಿ. ಶಾಲೆಯಲ್ಲಿದ್ದಾಗ ಡಾಕ್ಟರು ಬಲಗಣ್ಣಿಗೆ ಪಟ್ಟಿ ಕಟ್ಟಿ ಎಡಗಣ್ಣನ್ನು ದುಡಿಸಲು ನೋಡಿದರು, ಅದು ಜಪ್ಪಯ್ಯ ಎನ್ನಲಿಲ್ಲ. "ನಿನ್ನ ಎಡಗಣ್ಣು ಎರಡನೇ ಕ್ಲಾಸಿನಲ್ಲೇ ಪೆನ್ಶನ್ ತಗೊಂಡಿದೆ" ಎಂದು ತಮ್ಮ ದಯಾನಂದ ತಮಾಷೆ ಮಾಡುತ್ತಿದ್ದ. ಅದಕ್ಕೆ ಕಾಣುವುದು ಬಣ್ಣ, ನೆರಳು, ಓಡಾಡುವ ವಸ್ತುಗಳು. ಸೂಜಿಯ ಕಣ್ಣು, ಓದುವ ಅಕ್ಷರ, ಮನುಷ್ಯರ ಮುಖ, ಎಲ್ಲ ಬಲಗಣ್ಣಿನ ಪಾಲು. ಅದು ಹೋದರೆ ನನ್ನ ಹೊಲಿಗೆ ಹೋದಂತೆ, ಹೊಲಿಗೆ ಹೋದರೆ ನಾನು ಯಾರು ಎಂದು ನನಗೇ ತಿಳಿಯುತ್ತಿರಲಿಲ್ಲ.

ವಾಶಿಯ ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿ, ಕಣ್ಣಿನ ಪರದೆಯ ನಡುಮಧ್ಯದಲ್ಲಿ ತೂತಾಗಿದೆ ಎಂದರು. ನಾನು ನನ್ನ ಕಸುಬಿನ ಬುದ್ಧಿಯಲ್ಲಿ, "ರಫೂ ಮಾಡ್ಬಹುದಾ?" ಎಂದು ಕೇಳಿದೆ. ಅವರು ನಕ್ಕರು. ಒಳಗೆ ಗ್ಯಾಸಿನ ಗುಳ್ಳೆಯೊಂದನ್ನು ತುಂಬುತ್ತಾರಂತೆ, ಗುಳ್ಳೆ ಮೇಲಕ್ಕೆ ಒತ್ತಿಕೊಂಡು ಕೂತರೆ ತೂತು ತಾನೇ ಕೂಡಿಕೊಳ್ಳಬೇಕಂತೆ. ಗುಳ್ಳೆ ಸರಿಯಾದ ಜಾಗಕ್ಕೆ ಒತ್ತಬೇಕೆಂದರೆ ನಾನು ಹಗಲೂ ರಾತ್ರಿ ತಲೆ ತಗ್ಗಿಸಿಕೊಂಡೇ ಇರಬೇಕು. ತಿನ್ನುವಾಗ, ನಡೆಯುವಾಗ, ಮಲಗುವಾಗ ಮುಖ ನೆಲದ ಕಡೆಗೇ. "ಮುಚ್ಚಿಕೊಳ್ಳದಿದ್ದರೆ?" ಎಂದು ಕೇಳಿದ್ದು ನನ್ನ ಯಜಮಾನರು. "ಪಹಲೇ ಕೋಶಿಶ್ ಕರತೇ ಹೈಂ" ಎಂದರು ಡಾಕ್ಟರಮ್ಮ, ಮೊದಲು ಪ್ರಯತ್ನ ಮಾಡೋಣ ಎಂಬಂತೆ. ಮನೆಗೆ ಬಂದ ಮೇಲೆ ಯಜಮಾನರು ಸ್ಟೂಲು ಹತ್ತಿ ಫ್ಯಾನ್ ಒರೆಸಲು ಶುರು ಮಾಡಿದರು. ಭಯವಾದಾಗ ಅವರು ಮಾಡುವುದೇ ಹಾಗೆ. ಆ ವಾರ ನಮ್ಮ ಮನೆಯ ಫ್ಯಾನುಗಳು ಹೊಸ ಮದುಮಗಳಂತೆ ಹೊಳೆಯುತ್ತಿದ್ದವು.

ಆಪರೇಷನ್ ನೋಯಲಿಲ್ಲ. ನೋಯಿಸಿದ್ದು ಆಮೇಲಿನ ದಿನಗಳು. ಹಳೆಯ ಹತ್ತಿ ಸೀರೆಗಳನ್ನು ಸುತ್ತಿ ಯಜಮಾನರು ದೊಡ್ಡದೊಂದು ಸಿಂಬಿ ಮಾಡಿಕೊಟ್ಟರು. ನಮ್ಮೂರ ಕಡೆ ಕೊಡದ ಕೆಳಗೆ ಇಡುವ ಸಿಂಬಿ, ಇಲ್ಲಿ ನನ್ನ ಹಣೆಯ ಕೆಳಗೆ ಬಂತು. ಮಂಚದ ಅಂಚಿನಲ್ಲಿ ಅದನ್ನಿಟ್ಟು, ಬೋರಲು ಮಲಗಿ, ಅದರ ತೂತಿನಿಂದ ನೆಲ ನೋಡುವುದೇ ನನ್ನ ಕೆಲಸ. ನಮ್ಮ ಮನೆಯ ಟೈಲ್ಸಿನಲ್ಲಿ ಇಷ್ಟು ಕಲೆಗಳಿವೆಯೆಂದು ನನಗೆ ಗೊತ್ತೇ ಇರಲಿಲ್ಲ. ಕತ್ತು ಕಲ್ಲಾಯಿತು. ಚಹಾ ಸ್ಟ್ರಾದಲ್ಲಿ ಕುಡಿದೆ. ಬಂದವರ ಪಾದಗಳೊಡನೆ ಮಾತಾಡಿದೆ. ಒಂದು ಮಧ್ಯಾಹ್ನ ಯಾರಿಗೂ ಕಾಣದಂತೆ ಅತ್ತೆ, ಕಣ್ಣೀರು ನೇರ ನೆಲಕ್ಕೆ ಬಿದ್ದು ಟೈಲ್ಸಿನ ಮೇಲೆ ಕಂಡೇ ಬಿಟ್ಟಿತು.

ಅದನ್ನು ನೋಡಿದ ಪಲ್ಲವಿ ತನ್ನ ಆಫೀಸ್ ಕೆಲಸದ ದೊಡ್ಡ ಮಾನಿಟರ್ ತಂದು ನನ್ನ ಮುಖದ ಕೆಳಗೆ ಮಣೆಯ ಮೇಲೆ ಮಲಗಿಸಿದಳು. ಐರೋಲಿಯ ಕಂಪನಿಯಲ್ಲಿ ಅವಳ ಕೆಲಸ, ವಾರದಲ್ಲಿ ಕೆಲವು ದಿನ ಮನೆಯಿಂದಲೇ. ಧಾರಾವಾಹಿ ಹಾಕಿದಳು. ಬಲಗಣ್ಣು ಗುಳ್ಳೆಯಿಂದ ಮುಚ್ಚಿಹೋಗಿತ್ತು, ಎಡಗಣ್ಣಿಗೆ ಯಾರು ಅತ್ತೆ, ಯಾರು ಸೊಸೆ ಎಂದು ತಿಳಿಯಲಿಲ್ಲ. ಇಬ್ಬರದೂ ಒಂದೇ ಬಣ್ಣದ ಸೀರೆ.

ಅಷ್ಟರಲ್ಲಿ ಕಲ್ಯಾಣದಿಂದ ದಯಾ ಬಂದ. ನಾನು ಅವನ ಪಾದ ನೋಡಿದೆ, ಅವನು ನೆಲದ ಮೇಲಿನ ಪರದೆ ನೋಡಿದ.

"ಎಂತ ಮಾರಾಯ್ತಿ, ಇದು ನಮ್ಮ ಧಣಿಗಳ ಮಿಷಿನ್ ಇದ್ದ ಹಾಗೇ ಉಂಟಲ್ಲ!" ಎಂದ. "ಪಲ್ಲವಿ, ಆ ಗುಂಡಿನ ಆಟ ಇದರಲ್ಲಿ ಬರ್ತದಾ? ಕೆಳಗೆ ಎರಡು ರೆಕ್ಕೆ ಇರ್ತದೆ ನೋಡು, ಪಟ್ ಪಟ್ ಅಂತ ಹೊಡೆಯುವುದು."

"ಪಿನ್‌ಬಾಲ್? ಹೈ ನಾ ಮಾಮಾ" ಎಂದಳು ಪಲ್ಲವಿ. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

ಮೊದಲು ಬಂದದ್ದು ಪರದೆಯ ನಡುವಲ್ಲಿ ಕಿರಿದಾದ ಒಂದು ಪಟ್ಟಿ, ಎರಡೂ ಕಡೆ ಕಪ್ಪು. ನನಗೆ ಏನೂ ಕಾಣಲಿಲ್ಲ. ಆಗ ಪಲ್ಲವಿ ಮಾನಿಟರನ್ನೇ ತಿರುಗಿಸಿ ಉದ್ದುದ್ದ ಇಟ್ಟಳು. ಆಟ ಪಕ್ಕಕ್ಕೆ ಬಿದ್ದುಕೊಂಡಿತು. ದಯಾ ಅದನ್ನು ನೇರವಾಗಿ ನೋಡಲು ನೆಲದ ಮೇಲೆ ತಾನೇ ಅಡ್ಡ ಮಲಗಿದ. "ಮಾಮಾ, ಉಠೋ, ಸೆಟ್ಟಿಂಗ್ ಮೇ ಹೋತಾ ಹೈ" ಎಂದು ಅವಳು ನಗುತ್ತಾ ಸೆಟ್ಟಿಂಗಿನಲ್ಲಿ ಏನೋ ಒತ್ತಿ ಆಟವನ್ನು ನೆಟ್ಟಗೆ ಮಾಡಿದಳು. ಪರದೆ ತುಂಬ ಮೇಜು ಬಂದು ನಿಂತಿತು. ನನ್ನ ಹತ್ತಿರದ ತುದಿಯಲ್ಲಿ ಎರಡು ರೆಕ್ಕೆ, ದೂರದ ತುದಿಯಲ್ಲಿ ದೀಪಗಳು, ನಡುವೆ ಬೆಳ್ಳಗೆ ಹೊಳೆಯುವ ಗುಂಡು. ಅದು ಓಡಿದಾಗ ನನ್ನ ಸೋಮಾರಿ ಕಣ್ಣು ಅದರ ಹಿಂದೆ ಓಡಿತು. ನನಗೆ ನಂಬಿಕೆಯೇ ಬರಲಿಲ್ಲ. ಅಕ್ಷರ ಕಾಣದ, ಮುಖ ಕಾಣದ ಕಣ್ಣಿಗೆ ಗುಂಡು ಕಂಡಿತು!

"ನಾನು ಬಲ" ಎಂದೆ.

"ಗೊತ್ತುಂಟು. ನಾನು ಎಡ" ಎಂದು ದಯಾ ಕೀಬೋರ್ಡಿನ ಆ ಕಡೆ ಕೂತ.

ನಾವು ಚಿಕ್ಕವರಿದ್ದಾಗ ಠಾಣೆ ಸ್ಟೇಷನ್ನಿನ ಹತ್ತಿರ ಅಪ್ಪನ ಧಣಿಗಳ ಹೋಟೆಲಿತ್ತು, ಅಪ್ಪ ಅಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ಮುಂಬಯಿಯ ಯಾವುದೋ ಕ್ಲಬ್ಬು ಮುಚ್ಚಿದಾಗ ಕುರ್ಚಿ ಮೇಜುಗಳನ್ನು ಕೊಳ್ಳಲು ಹೋದ ಧಣಿಗಳು ಒಂದು ಪಿನ್‌ಬಾಲ್ ಮಿಷಿನನ್ನೂ ಟೆಂಪೊದಲ್ಲಿ ಹೇರಿಕೊಂಡು ಬಂದರು. ಕೈ ತೊಳೆಯುವ ಬೇಸಿನ್ನಿನ ಪಕ್ಕ ಅದನ್ನಿಟ್ಟರು, ಮೇಜು ಖಾಲಿಯಾಗುವವರೆಗೆ ಗಿರಾಕಿಗಳು ಆಡಲಿ ಎಂದು. ಸಂಜೆ ಹೊತ್ತು ಅದರ ಗಂಟೆಗಳು "ಎರಡು ಮಸಾಲೆ, ಒಂದು ಸಾದಾ" ಎಂಬ ಕೂಗನ್ನೂ ಮೀರಿಸುತ್ತಿದ್ದವು.

ಮೇ ರಜೆಯಲ್ಲಿ ನಾನೂ ದಯಾನೂ ಅಪ್ಪನ ಜೊತೆ ಡೊಂಬಿವಲಿಯಿಂದ ಲೋಕಲ್ ಹತ್ತಿ ಹೋಗುತ್ತಿದ್ದೆವು. ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಶಟರ್ ಅರ್ಧ ಎಳೆಯುತ್ತಿದ್ದರು. ನೆಲ ಒರೆಸಿದ ಫಿನಾಯಿಲು, ಉಳಿದ ಸಾಂಬಾರು, ಎರಡೂ ಸೇರಿದ ಒಂದು ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಅಡುಗೆಯವರು ಎರಡೆರಡು ಮೇಜು ಜೋಡಿಸಿ, ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗುತ್ತಿದ್ದರು. ಬೆಳಗಿನ ಜಾವಕ್ಕೆ ಎದ್ದವರು, ಅವರ ನಿದ್ದೆ ಕೆಡಿಸಬಾರದು. ಅದಕ್ಕೆ ಅಪ್ಪ ಮಿಷಿನ್ನಿನ ಬಾಗಿಲು ತೆಗೆದು ಗಂಟೆಗಳ ಬಾಯಿಗೆ ಮೇಜು ಒರೆಸುವ ಬಟ್ಟೆ ತುರುಕುತ್ತಿದ್ದರು. ಆಮೇಲೆ ಮಿಷಿನ್ ನಮ್ಮದು. ವನಸ್ಪತಿ ಡಬ್ಬದ ಮೇಲೆ ನಾನು ಬಲಕ್ಕೆ, ಇನ್ನೊಂದು ಡಬ್ಬದ ಮೇಲೆ ಅವನು ಎಡಕ್ಕೆ. ಗುಂಡು ಬಡಿದಾಗಲೆಲ್ಲ ದಪ್ಪ ಬಟ್ಟೆಯೊಳಗಿನಿಂದ ಡುಬ್, ಡುಬ್ ಎಂಬ ಶಬ್ದ ಬರುತ್ತಿತ್ತು. ದಯಾ ಮಿಷಿನ್ನನ್ನು ಸೊಂಟದಿಂದ ನೂಕುತ್ತಿದ್ದ. ಹೆಚ್ಚು ನೂಕಿದರೆ ಕೆಂಪು ದೀಪ ಹತ್ತಿ ಎಲ್ಲ ನಿಂತುಹೋಗುತ್ತಿತ್ತು. ನಾವು ಪಿಸುಮಾತಿನಲ್ಲೇ ಜಗಳವಾಡುತ್ತಿದ್ದೆವು. ಅಷ್ಟು ಸುಖದ ಜಗಳ ನಾನು ಆಮೇಲೆ ಯಾರ ಹತ್ತಿರವೂ ಆಡಿಲ್ಲ.

ಮಹಡಿಯ ಮೇಲೆ ಧಣಿಗಳ ಮನೆ. ಅವರ ಹೆಂಡತಿ ಕಮಲಕ್ಕ ಹಿಂದಿನ ಮೆಟ್ಟಿಲಿನಿಂದ ಬಂದು ಹಿಂದಿನ ಮೆಟ್ಟಿಲಿನಿಂದಲೇ ಹೋಗುವವರು. ಹೋಟೆಲಿನವರ ಮನೆಯ ಹೆಂಗಸರು ಗಿರಾಕಿಗಳು ಕೂರುವ ಹಾಲ್‌ಗೆ ಕಾಲಿಡುವ ಪದ್ಧತಿ ಇರಲಿಲ್ಲ. ಯಾರೂ ಹೇಳಿದ್ದಲ್ಲ, ಬರೆದಿಟ್ಟದ್ದೂ ಅಲ್ಲ, ಆದರೆ ಇರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ನನ್ನನ್ನು ಮೇಲೆ ಕರೆದು ಜಡೆ ಹಾಕುತ್ತಾ, "ಸಂಜೆ ಅಷ್ಟು ಗಂಟೆ ಹೊಡಿತದಲ್ಲ, ಆ ಗುಂಡು ಎಲ್ಲಿಂದ ಎಲ್ಲಿಗೆ ಹೋಗ್ತದೆ ಮಗಾ?" ಎಂದು ಕೇಳುತ್ತಿದ್ದರು. ನಾನು ಅವರ ಹಾಸಿಗೆಯ ಮೇಲೆ ಬೆರಳಿನಿಂದ ದಾರಿ ಬರೆದು ತೋರಿಸುತ್ತಿದ್ದೆ. ದೊಡ್ಡವಳಾದ ಮೇಲೆ ಆ ಪದ್ಧತಿ ನನಗೂ ಅಂಟಿತು, ಹಾಲ್‌ಗೆ ಹೋಗುವುದು ನಿಂತಿತು. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಮಿಷಿನ್ ಎಲ್ಲಿಗೆ ಹೋಯಿತೋ, ಕೇಳಲು ಧಣಿಗಳೂ ಇಲ್ಲ, ಅಪ್ಪನೂ ಇಲ್ಲ.

ದಯಾ ಬಂದಾಗಲೆಲ್ಲ ಆಡಿದೆವು. ಕಂಪ್ಯೂಟರಿನಲ್ಲಿ ಮೇಜು ನೂಕಲೂ ಒಂದು ಕೀ ಇದೆ. ಅವನು ಅದನ್ನು ಒತ್ತುವ ಬದಲು ಹಳೇ ಅಭ್ಯಾಸದಲ್ಲಿ ಮಂಚವನ್ನೇ ನೂಕಿ ಯಜಮಾನರ ಕೈಲಿ ಬೈಸಿಕೊಂಡ. ಅಂಕ ನನಗೆ ಓದಲಾಗುತ್ತಿರಲಿಲ್ಲ, ಪಲ್ಲವಿ ಕೂಗಿ ಹೇಳುತ್ತಿದ್ದಳು. ಆಟದ ಹೊತ್ತಿನಲ್ಲಿ ಕತ್ತಿನ ನೋವು ಮರೆಯುತ್ತಿತ್ತು. ಕಣ್ಣು ಹೋದರೆ ಏನು ಗತಿ ಎಂಬ ಯೋಚನೆ ಗುಂಡು ಕೆಳಗೆ ಬಿದ್ದ ಮೇಲಷ್ಟೇ ಬರುತ್ತಿತ್ತು. ಅದಕ್ಕೇ ನಾನು ಗುಂಡನ್ನು ಬೀಳಲು ಬಿಡುತ್ತಿರಲಿಲ್ಲ.

ಹಾಗಿರುವಾಗ ಒಂದು ದಿನ ಕಮಲಕ್ಕ ಬಂದರು. ಈಗ ಅವರು ಕಲ್ಯಾಣದಲ್ಲಿ ತಂಗಿಯ ಮಗನ ಜೊತೆ ಇದ್ದಾರೆ, ಎಂಬತ್ತರ ಹತ್ತಿರ. ಸುದ್ದಿ ತಿಳಿದು ಒಬ್ಬರೇ ರಿಕ್ಷಾ ಮಾಡಿಕೊಂಡು, ನನ್ನ ಹೆಸರಿನಲ್ಲಿ ಪೂಜೆ ಮಾಡಿಸಿದ ಕುಂಕುಮ ಹಿಡಿದುಕೊಂಡು ಬಂದಿದ್ದರು. ಪಲ್ಲವಿ ಅವರಿಗೆ ನೀರು ತರಲು ಒಳಗೆ ಹೋದಳು. ನಾನು ಸ್ಟೂಲಿನ ಮೇಲೆ ತಲೆ ಬಗ್ಗಿಸಿ ಕೂತು, ಅವರ ಸಣ್ಣ ಬಿಳಿ ಪಾದಗಳನ್ನು ನೋಡುತ್ತಾ ಸಂತೋಷದಿಂದ ಮಾತಾಡುತ್ತಿದ್ದೆ.

ಪ್ರಸಾದ ತಂದವರು ಹಣೆಗೆ ಇಡದೆ ಹೋಗುವುದುಂಟೇ? ಬಗ್ಗಿದ ತಲೆಗೆ ಕುಂಕುಮ ಇಡುವುದಾದರೂ ಹೇಗೆ? ಅವರು ನಮ್ಮ ಹೆಂಗಸರು ಎಲ್ಲರೂ ಮಾಡುವುದನ್ನೇ ಮಾಡಿದರು. ಎಡಗೈಯಿಂದ ನನ್ನ ಗಲ್ಲ ಹಿಡಿದು, "ಮುಖ ಎತ್ತು ಮಗಾ" ಎಂದು ಮೇಲಕ್ಕೆತ್ತಿದರು. ಜಡೆ ಹಾಕಿಸಿಕೊಂಡ ದಿನಗಳ ಅಭ್ಯಾಸವೋ ಏನೋ, ನಾನೂ ಎತ್ತಿದೆ!

"ಮಮ್ಮೀ! ಸಿರ್ ನೀಚೇ!" ಪಲ್ಲವಿಯ ಕೈಯಿಂದ ಲೋಟ ಬಿತ್ತು. ಯಜಮಾನರು ಓಡಿ ಬಂದು ನನ್ನ ತಲೆಯನ್ನು ಎರಡೂ ಕೈಯಿಂದ ಕೆಳಗೆ ಒತ್ತಿದರು. "ಎಂತ ಮಾಡಿಬಿಟ್ರಿ ನೀವು!" ಎಂದು ಅವರು ಕಮಲಕ್ಕನಿಗೆ ಹೇಳಿದ್ದು ಸಿಟ್ಟಿನಲ್ಲಲ್ಲ, ಗಾಬರಿಯಲ್ಲಿ. ಆದರೆ ಕೇಳಿದವರಿಗೆ ಸಿಟ್ಟಿನ ಹಾಗೇ ಕೇಳಿಸುತ್ತದೆ. ನನ್ನ ಕಣ್ಣೆದುರಿನ ಆ ಬಿಳಿ ಪಾದಗಳು ಒಂದೊಂದೇ ಹೆಜ್ಜೆ ಹಿಂದೆ ಸರಿದವು.

ಮರುದಿನ ಬೆಳಿಗ್ಗೆಯೇ ವಾಶಿಗೆ ಹೋದೆವು. ಆ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನಮ್ಮಂಥವರದೇ ಒಂದು ಸಾಲು, ಎಲ್ಲರೂ ತಲೆ ತಗ್ಗಿಸಿ ಕೂತವರು. ಹೆಡ್ಮಾಸ್ಟರು ಸಾಲಾಗಿ ಶಿಕ್ಷೆ ಕೊಟ್ಟ ಹಾಗೆ. ನಾವು ಒಬ್ಬರನ್ನೊಬ್ಬರು ಗುರುತಿಸುವುದು ಚಪ್ಪಲಿಯಿಂದ. ನನ್ನ ಪಕ್ಕದ ಕಂದು ಚಪ್ಪಲಿಯವರು ಠಾಣೆ ಪಕ್ಕದ ಕಳ್ವಾ ಊರಿನ ರೈಲ್ವೆ ಕಾರ್‌ಶೆಡ್ಡಿನಲ್ಲಿ ಕೆಲಸ ಮಾಡುವವರು, ಊರು ಕಲಬುರಗಿ ಕಡೆ. ಹಿಂದಿನ ಸಲವೂ ಸಿಕ್ಕಿದ್ದರು.

"ಯಾಕ್ರೀ ಅಕ್ಕಾರ, ಇವತ್ತ ಕಾಲು ನಡುಗಲಿಕ್ಕತ್ಯಾವಲ್ಲ?" ಎಂದರು.

ನಾನು ನಡೆದದ್ದು ಹೇಳಿದೆ. "ನನಗ ನಿನ್ನೆ ಸೀನು ಬಂದಿತ್ರೀ. ಅಂಜಿ ಸತ್ತೆ. ನನ್ನ ಹೇಣತಿ ಸೀನಿಗೆ ಬೈದಳು, ನನಗ ಬೈಲಿಲ್ಲ" ಎಂದರು. ನನಗೆ ನಗು ಬಂತು. ಅವರೂ ನಕ್ಕರು. ಪರಸ್ಪರ ಮುಖ ನೋಡದೆ, ನೆಲ ನೋಡುತ್ತಾ ಇಬ್ಬರೂ ನಕ್ಕೆವು. ಆಸ್ಪತ್ರೆಯ ಅಷ್ಟು ದಿನಗಳಲ್ಲಿ ನನಗೆ ಸಿಕ್ಕಿದ ದೊಡ್ಡ ಔಷಧಿ ಅದು.

ಡಾಕ್ಟರಮ್ಮ ನೋಡಿ, ಗುಳ್ಳೆ ಇದ್ದಲ್ಲೇ ಇದೆ, ಒಂದು ಕ್ಷಣ ಎತ್ತಿದರೆ ಆಕಾಶ ಬೀಳುವುದಿಲ್ಲ ಎಂದರು. ಆದರೆ ತೂತು ಕೂಡಿದೆಯೋ ಇಲ್ಲವೋ ಗ್ಯಾಸು ಕರಗಿದ ಮೇಲೆಯೇ ಹೇಳುತ್ತೇನೆ ಎಂದರು. ಮನೆಗೆ ಬಂದು ಕಮಲಕ್ಕನಿಗೆ ಫೋನ್ ಮಾಡಿಸಿದೆ. ಎತ್ತಲಿಲ್ಲ. ದಯಾ ಹೋಗಿ ಹೇಳಿ ಬಂದ. "ಪೂರಾ ಗುಣ ಆಗದೆ ನಾನು ಆ ಮನೆ ಬಾಗಿಲಿಗೆ ಬರುವುದಿಲ್ಲ ಅಂದ್ರು. ಊಟ ಸರಿ ಮಾಡ್ತಾ ಇಲ್ಲವಂತೆ" ಎಂದ. ಅಲ್ಲಿಂದ ನನಗೆ ಎರಡು ಚಿಂತೆ. ಕಣ್ಣು ಕೂಡದಿದ್ದರೆ ನನ್ನ ಹೊಲಿಗೆ ಹೋಗುತ್ತದೆ. ಅದರ ಪಾಪ ಆ ಮುದುಕಿ ತನ್ನ ತಲೆಗೇ ಕಟ್ಟಿಕೊಳ್ಳುತ್ತಾರೆ, ಯಾವ ಡಾಕ್ಟರು ಹೇಳಿದರೂ ಕೇಳುವುದಿಲ್ಲ.

ತಲೆ ಎತ್ತಲು ಅಪ್ಪಣೆ ಸಿಕ್ಕ ಮೇಲೆ ಕಣ್ಣಿನೊಳಗೆ ಗುಳ್ಳೆ ಕಾಣತೊಡಗಿತು. ಮೊದಲು ಕಣ್ಣು ತುಂಬ ಇದ್ದದ್ದು, ದಿನದಿನಕ್ಕೆ ಇಳಿದು, ಕೊನೆಗೆ ಒಂದು ಸಣ್ಣ ಕರಿ ಗುಂಡಾಯಿತು. ತಲೆ ಅಲ್ಲಾಡಿಸಿದರೆ ಅದೂ ತಳದಲ್ಲಿ ಉರುಳಾಡುತ್ತಿತ್ತು. "ಅಕ್ಕ, ಈ ಗುಂಡನ್ನು ಮಾತ್ರ ಹೊಡಿಬೇಡ, ಬೀಳಲು ಬಿಡು" ಎಂದ ದಯಾ. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ನೋಡಿದೆ, ಗುಂಡು ಇರಲಿಲ್ಲ.

ವಾಶಿಯಲ್ಲಿ ಮತ್ತೆ ಚಿತ್ರ ತೆಗೆದರು. ಡಾಕ್ಟರಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿ, "ಬಂದ್ ಹೋ ಗಯಾ" ಎಂದರು. ಮುಚ್ಚಿಕೊಂಡಿದೆ! ಯಜಮಾನರು ಅಲ್ಲೇ ಕೂತು ಮುಖ ಒರೆಸಿಕೊಂಡರು. ಗೆರೆಗಳು ಮೊದಲಿನಷ್ಟು ನೆಟ್ಟಗೆ ಬರಲಿಕ್ಕಿಲ್ಲ, ನಡುವಲ್ಲಿ ಚೂರು ಸೊಟ್ಟ ಉಳಿಯಬಹುದು, ಅಭ್ಯಾಸವಾಗುತ್ತದೆ ಎಂದರು ಡಾಕ್ಟರಮ್ಮ. ಉಳಿದಿದೆ, ಅಭ್ಯಾಸವೂ ಆಗಿದೆ. ಸೂಜಿಗೆ ದಾರ ಪೋಣಿಸಲು ಮೊದಲಿಗಿಂತ ಹೊತ್ತು ಬೇಕು. ಅವಸರದ ಗಿರಾಕಿಗಳು ಬೇರೆ ಕಡೆ ಹೋಗಲಿ.

ದಯಾ ಸ್ಕೂಟರಿನಲ್ಲಿ ಕಮಲಕ್ಕನನ್ನು ಕೂರಿಸಿಕೊಂಡು ಬಂದ, ಹೆಚ್ಚುಕಡಿಮೆ ಎತ್ತಿಕೊಂಡೇ ಬಂದ ಎನ್ನಬೇಕು. ಅವರು ಒಳಗೆ ಬಂದರೂ ನನ್ನಿಂದ ಮಾರು ದೂರ ಕೂತು, ಎರಡೂ ಕೈಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡರು, ನನಗೆಲ್ಲಿ ತಾಗೀತೋ ಎಂದು. ಎಷ್ಟು ಕರೆದರೂ ಹತ್ತಿರ ಬರಲಿಲ್ಲ. ಮಾನಿಟರ್ ಈಗ ಮೇಜಿನ ಮೇಲೆ ಉದ್ದುದ್ದ ನಿಂತಿತ್ತು. ನಾನು ಆಟ ಹಾಕಿ, ಶಬ್ದವನ್ನು ಪೂರ್ತಿ ಏರಿಸಿದೆ. ಗಂಟೆಗಳು ಹೊಡೆದವು.

ಅವರು ತಟ್ಟನೆ ತಲೆ ಎತ್ತಿದರು. "ಇದು ಆ..."

"ಹೌದು. ಬನ್ನಿ, ಇದು ಹಾಲ್ ಅಲ್ಲ, ಗಿರಾಕಿಗಳು ಯಾರೂ ಇಲ್ಲ" ಎಂದೆ ನಾನು.

ಹತ್ತಿರ ಬಂದು ಬಗ್ಗಿ ನೋಡಿದರು. "ಇಷ್ಟೇಯಾ? ಇಷ್ಟು ಸಣ್ಣ ಗುಂಡಿಗೆ ಅಷ್ಟು ಗಲಾಟೆಯಾ?" ದಯಾ ಎದ್ದು ತನ್ನ ಜಾಗ ಬಿಟ್ಟುಕೊಟ್ಟ. ನಾನು ಸೆರಗಿನೊಳಗಿಂದ ಅವರ ಎಡಗೈ ಬಿಡಿಸಿ ಕೀಯ ಮೇಲಿಟ್ಟೆ. ಬಲ ನನ್ನದು. ಗುಂಡು ಮೇಲೆ ಸುತ್ತಿ, ದೀಪಗಳನ್ನು ಬಡಿದು, ಎಡಗಡೆಯಿಂದ ಇಳಿಯಿತು. "ಈಗ! ಒತ್ತಿ!" ಎಂದೆ. ಅವರು ಒತ್ತುವಷ್ಟರಲ್ಲಿ ಅದು ಎರಡು ರೆಕ್ಕೆಗಳ ನಡುವೆ ಜಾರಿಹೋಯಿತು.

"ಹೋಯ್ತು" ಎಂದರು. "ನನ್ನ ಕೈಯಲ್ಲಿ ಹೋಯ್ತು ಮಗಾ." ಹಾಗೆನ್ನುತ್ತಾ ಅಳಲು ಶುರು ಮಾಡಿದರು, ಸಣ್ಣ ಮಗುವಿನ ಹಾಗೆ, ಬಾಯಿ ತೆರೆದು. ಅವರು ಹೇಳುತ್ತಿದ್ದುದು ಗುಂಡಿನ ಮಾತಲ್ಲವೆಂದು ಮನೆಯಲ್ಲಿ ಎಲ್ಲರಿಗೂ ತಿಳಿಯಿತು.

"ಏನೂ ಹೋಗಲಿಲ್ಲ ಕಮಲಕ್ಕ" ಎಂದು ನಾನು ಅವರ ಅದೇ ಕೈಯನ್ನು ತೆಗೆದು ನನ್ನ ಗಲ್ಲದ ಕೆಳಗಿಟ್ಟೆ. ಅವರು ಮೊದಲು ಹೆದರಿದರು. ಆಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ, ನನ್ನ ಮುಖವನ್ನು ಮೇಲಕ್ಕೆತ್ತಿದರು. ನಾನು ಎಡಗಣ್ಣು ಮುಚ್ಚಿಕೊಂಡು ನೋಡಿದೆ. ನರೆತ ಹುಬ್ಬು, ಒದ್ದೆ ಕೆನ್ನೆ, ನಡುವಲ್ಲಿ ಚೂರು ಸೊಟ್ಟಗೆ ಬಾಗಿದ ಅವರ ಮೂಗುತಿ. ಸೊಟ್ಟವಾದರೆ ಸೊಟ್ಟ, ಕಾಣುತ್ತಿತ್ತು.